ಹತ್ತೊಂಬತ್ತೋ, ಇಪ್ಪತ್ತೋ? ಗೋವಾದ ಪೌರತ್ವ: ಒಂದು ಅಧ್ಯಯನ ಟಿಪ್ಪಣಿ

ಗೋವಾ ಭಾರತಕ್ಕೆ ಸೇರಿದ್ದು ಯಾವಾಗ ಎಂದು ಕೇಳಿದರೆ ಇಲ್ಲಿನ ವಾಸ್ಕೋ ಊರಿನ ಶಾಲೆಯ ಮಕ್ಕಳೂ ತಡವರಿಸದೆ 1961ರ ಡಿಸೆಂಬರ್ 19 ಎನ್ನುತ್ತಾರೆ. ಪರೀಕ್ಷೆಯಲ್ಲಿ ನಾನೂ ಹಾಗೇ ಬರೆದು ಅಂಕ ಕಳೆದುಕೊಂಡೆ. ಪ್ರಶ್ನೆ ಇದ್ದದ್ದು ಪೌರತ್ವದ ಬಗ್ಗೆ: ಗೋವಾದವರು ಭಾರತದ ಪೌರರಾದದ್ದು ಯಾವಾಗ ಎಂದು. ಅದಕ್ಕೆ ಉತ್ತರ ಡಿಸೆಂಬರ್ 20. ಆ ಒಂದು ದಿನದ ಲೆಕ್ಕ ಬಿಡಿಸಿಕೊಳ್ಳಲು ತಾಳೆಗಾಂವ್‌ನ ಗೋವಾ ವಿಶ್ವವಿದ್ಯಾಲಯದಲ್ಲಿ ಹೊರಗಿನವರಿಗೂ ತೆರೆದಿರುವ ಉಪನ್ಯಾಸಗಳಿಗೆ ಹೋಗಿ ಕುಳಿತೆ. ಅಲ್ಲಿ ಗೀಚಿಕೊಂಡದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ನಮ್ಮ ಸಂಜೆಯ ಗುಂಪಿನವರಿಗಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಯುದ್ಧದ ಕಥೆ ಚಿಕ್ಕದು. ಡಿಸೆಂಬರ್ 17ರ ರಾತ್ರಿ ಕಳೆಯುತ್ತಿದ್ದಂತೆ ಆರಂಭವಾದ ‘ಆಪರೇಷನ್ ವಿಜಯ್’, ಅಂದರೆ ಗೋವಾವನ್ನು ಪೋರ್ಚುಗೀಸರಿಂದ ಬಿಡಿಸಲು ಭಾರತ ನಡೆಸಿದ ಸೇನಾ ಕಾರ್ಯಾಚರಣೆ, ಎರಡು ದಿನವೂ ತುಂಬುವ ಮೊದಲೇ ಮುಗಿಯಿತು. ಕೊನೆಯ ಉಸಿರಿನವರೆಗೆ ಕಾದಾಡಿ ಎಂದು ಲಿಸ್ಬನ್ನಿನಿಂದ ಪೋರ್ಚುಗಲ್‌ನ ಸರ್ವಾಧಿಕಾರಿ ಸಲಜಾರ್ ಅವರ ಆಜ್ಞೆ ಬಂದಿತ್ತು. ಗೋವಾದ ಪೋರ್ಚುಗೀಸ್ ಗವರ್ನರ್ ಜನರಲ್ ವಸಾಲೊ ಇ ಸಿಲ್ವಾ ಅದನ್ನು ಪಾಲಿಸದೆ 19ರ ರಾತ್ರಿ ಶರಣಾಗತಿಗೆ ಸಹಿ ಹಾಕಿದರು. ವ್ಯರ್ಥ ಸಾವುಗಳನ್ನು ತಪ್ಪಿಸಿದ ಈ ಮನುಷ್ಯನನ್ನು ಅವರ ದೇಶ ಸೈನ್ಯದಿಂದ ಹೊರಹಾಕಿತು. ಅಲ್ಲಿನ ಸರ್ವಾಧಿಕಾರವನ್ನು ಉರುಳಿಸಿದ 1974ರ ಕ್ರಾಂತಿಯ ಬಳಿಕವೇ ಮರ್ಯಾದೆ ಮರಳಿತು. ಅದೇ ವರ್ಷದ ಡಿಸೆಂಬರ್ 31ರಂದು ಪೋರ್ಚುಗಲ್ ಒಪ್ಪಂದ ಮಾಡಿಕೊಂಡು ಗೋವಾ ಭಾರತದ್ದೆಂದು ಒಪ್ಪಿತು. ಅಂದರೆ ಹದಿಮೂರು ವರ್ಷ ಒಂದೇ ನೆಲಕ್ಕೆ ಎರಡು ದೇಶಗಳ ಕಡತದಲ್ಲಿ ಎರಡು ಯಜಮಾನಿಕೆ.

ಇನ್ನು ಕಾನೂನು. ಇಲ್ಲಿ ನಿಧಾನವಾಗಿ ಓದಬೇಕು. ಸಂವಿಧಾನದ 12ನೆಯ ತಿದ್ದುಪಡಿ ಬಂದದ್ದು 1962ರ ಮಾರ್ಚ್‌ನಲ್ಲಿ. ಆದರೆ ಗೋವಾ, ದಮನ್, ದಿಯು ಕೇಂದ್ರಾಡಳಿತ ಪ್ರದೇಶವಾದದ್ದು 1961ರ ಡಿಸೆಂಬರ್ 20ರಿಂದಲೇ ಎಂದು ಅದು ಹಿಂದಿನಿಂದ ಅನ್ವಯಿಸಿತು. ನೆಲ ಬಂತು, ಜನರ ಗತಿ? 1955ರ ಪೌರತ್ವ ಕಾಯ್ದೆಯ 7ನೆಯ ಕಲಮು ಇದಕ್ಕೆಂದೇ ಇದೆ: ಹೊಸ ಪ್ರದೇಶ ಸೇರಿಕೊಂಡಾಗ ಅಲ್ಲಿನ ಯಾರು ಯಾರು ಪೌರರು ಎಂದು ಕೇಂದ್ರ ಸರ್ಕಾರ ಆದೇಶ ಹೊರಡಿಸಬಹುದು. ಅದರಂತೆ ಬಂದದ್ದು 1962ರ ಗೋವಾ, ದಮನ್ ಮತ್ತು ದಿಯು ಪೌರತ್ವ ಆದೇಶ. ತಾನಾಗಲಿ, ತಂದೆ ತಾಯಿಯಾಗಲಿ, ಅಜ್ಜ ಅಜ್ಜಿಯರಲ್ಲಿ ಒಬ್ಬರಾಗಲಿ ಡಿಸೆಂಬರ್ 20ಕ್ಕೆ ಮೊದಲು ಇಲ್ಲಿ ಹುಟ್ಟಿದ್ದರೆ ಆತ ಆ ದಿನದಿಂದ ಭಾರತೀಯ. ಬೇಡವೆನ್ನುವವರು ಒಂದು ತಿಂಗಳೊಳಗೆ ಲಿಖಿತವಾಗಿ ಹೇಳಬೇಕು. ಅರ್ಜಿ ಹಾಕಬೇಕಾದದ್ದು ಪೌರರಾಗಲು ಅಲ್ಲ, ಆಗದಿರಲು. ಇದನ್ನು ಅಡಿಗೆರೆ ಹಾಕಿಟ್ಟುಕೊಳ್ಳಿ.

ಹಾಗೆ ಬೇಡವೆಂದವರಲ್ಲಿ ಮೊಂತೇರೊ ಎಂಬ ಪಾದ್ರಿಯೂ ಒಬ್ಬರು. ಪೋರ್ಚುಗೀಸ್ ಪೌರರಾಗಿಯೇ ಉಳಿದರು, ಇಲ್ಲಿ ವಾಸಿಸುವ ಪರವಾನಗಿಯ ಅವಧಿ ಮುಗಿದ ಮೇಲೂ ಊರು ಬಿಡಲಿಲ್ಲ, ವಿದೇಶಿಯರ ಕಾಯ್ದೆಯಡಿ ಶಿಕ್ಷೆಯಾಯಿತು. ಅವರ ವಾದ ಸೊಗಸಾಗಿತ್ತು: ನೀವು ಸೈನ್ಯ ತಂದು ಹಿಡಿದ ಊರು ಇದು, ಯುದ್ಧಕಾಲದಲ್ಲಿ ನಾಗರಿಕರನ್ನು ಕಾಪಾಡುವ ಜಿನೀವಾ ಒಪ್ಪಂದದಂತೆ ಇಲ್ಲಿನ ನಿವಾಸಿಯನ್ನು ಹೊರದಬ್ಬುವಂತಿಲ್ಲ. 1969ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಾದಾಟ ಮುಗಿದು ಪ್ರದೇಶವು ದೇಶದಲ್ಲಿ ಲೀನವಾದ ಮೇಲೆ ‘ಸೈನ್ಯದ ವಶದಲ್ಲಿರುವುದು’ ಎಂಬ ಸ್ಥಿತಿಯೇ ಉಳಿಯುವುದಿಲ್ಲ, ಆ ರಕ್ಷಣೆಯೂ ಅದರೊಂದಿಗೇ ಮುಗಿಯುತ್ತದೆ ಎಂದಿತು. ತೀರ್ಪು ಸರಿ ಎಂದೇ ನನಗೂ ಅನಿಸುತ್ತದೆ. ಆದರೂ ಹುಟ್ಟಿದ ಊರಿನಲ್ಲೇ ಪರದೇಶಿಯಾದ ಆ ಪಾದ್ರಿ ಮನಸ್ಸಿನಿಂದ ಹೋಗುತ್ತಿಲ್ಲ.

ಪೋರ್ಚುಗೀಸ್ ಪಾಸ್‌ಪೋರ್ಟಿನ ಗೊಂದಲದ ಬೇರೂ ಇದೇ ತಾರೀಖಿನಲ್ಲಿದೆ. ಅಂದಿನ ಗೋವಾದಲ್ಲಿ ಹುಟ್ಟಿದವರನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಪೋರ್ಚುಗಲ್ ಇಂದಿಗೂ ತನ್ನವರಾಗಲು ಬಿಡುತ್ತದೆ. ನಮ್ಮ ಸಂವಿಧಾನದ 9ನೆಯ ವಿಧಿ, ಪೌರತ್ವ ಕಾಯ್ದೆಯ 9ನೆಯ ಕಲಮು ಎರಡು ದೋಣಿಯಲ್ಲಿ ಕಾಲಿಡಲು ಬಿಡುವುದಿಲ್ಲ. ಎರಡೂ ಒಂಬತ್ತೇ, ನೆನಪಿಡಲು ಸುಲಭ.

ಈಗ ಸ್ಮಾರಕಗಳತ್ತ ಬರೋಣ. ಮಹಾರಾಷ್ಟ್ರದ ಗಡಿಯ ಪತ್ರಾದೇವಿಯಲ್ಲಿ ಒಂದಿದೆ: 1955ರ ಆಗಸ್ಟ್ 15ರಂದು ನಿರಾಯುಧರಾಗಿ ಗೋವಾದೊಳಗೆ ಕಾಲಿಟ್ಟ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು, ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಕರ್ನೈಲ್ ಸಿಂಗ್ ಪಂಜಾಬಿನವರು. ಇನ್ನೊಂದು ಅಂಜದೀವ್ ದ್ವೀಪದ್ದು. ನಮ್ಮ ಕಾರವಾರದ ಕಡಲ ಎದುರಿಗೇ ಕಾಣುವ ಈ ದ್ವೀಪ ಲೆಕ್ಕಕ್ಕೆ ಗೋವಾದ್ದು. ಡಿಸೆಂಬರ್ 18ರಂದು ‘ಮೈಸೂರು’ ಮತ್ತು ‘ತ್ರಿಶೂಲ್’ ಹಡಗುಗಳ ನಾವಿಕರು ಅಲ್ಲಿ ಇಳಿದರು, ಏಳು ಮಂದಿ ಹಿಂತಿರುಗಲಿಲ್ಲ. ಪತ್ರಾದೇವಿಯಲ್ಲೂ ಅಂಜದೀವ್‌ನಲ್ಲೂ ಗೋವಾಕ್ಕಾಗಿ ಸತ್ತವರಲ್ಲಿ ಹೆಚ್ಚಿನವರು ಇಲ್ಲಿ ಹುಟ್ಟಿದವರಲ್ಲ. 1962ರ ಆದೇಶದ ಅಳತೆಗೋಲಿನಲ್ಲಿ ಅವರೆಲ್ಲ ಹೊರಗಿನವರೇ.

ಈ ಮಾತು ನಮಗೆ ತಟ್ಟುವುದು ಬೇರೆ ಕಾರಣಕ್ಕೆ. ವಾಸ್ಕೋ ಕಡೆಯ ಬೈನಾ, ಜುವಾರಿನಗರಗಳಲ್ಲಿ ಗದಗ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದ ನಮ್ಮವರು ಎಷ್ಟೊಂದು ಮಂದಿ. ಪೌರತ್ವದಲ್ಲಿ ಅನುಮಾನವಿಲ್ಲ. ಆದರೆ ಗೋವಾ ಸರ್ಕಾರದ ನೌಕರಿಗೆ ಅರ್ಜಿ ಹಾಕಲು ಹದಿನೈದು ವರ್ಷ ಇಲ್ಲಿಯೇ ವಾಸವಿದ್ದ ಪ್ರಮಾಣಪತ್ರ ಬೇಕು. ಸಂವಿಧಾನದ 16(2) ವಾಸಸ್ಥಳವೊಂದನ್ನೇ ಹಿಡಿದು ಸರ್ಕಾರಿ ಕೆಲಸದಲ್ಲಿ ಭೇದ ಮಾಡಬಾರದು ಎನ್ನುತ್ತದೆ. 16(3) ವಾಸದ ಷರತ್ತು ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ, ರಾಜ್ಯಕ್ಕಲ್ಲ. ಸುಪ್ರೀಂ ಕೋರ್ಟಿನ 1984ರ ಪ್ರದೀಪ್ ಜೈನ್ ಪ್ರಕರಣ ವೈದ್ಯಕೀಯ ಸೀಟುಗಳದ್ದು, ಆದರೂ ಅದರಲ್ಲಿನ ಒಂದು ಮಾತು ಇಲ್ಲಿಗೂ ಬೇಕು: ಭಾರತೀಯನಿಗೆ ‘ಡೊಮಿಸೈಲ್’, ಅಂದರೆ ಕಾನೂನಿನ ಲೆಕ್ಕದ ಕಾಯಂ ನೆಲೆ, ಒಂದೇ, ಅದು ಭಾರತ. ಪುಟ್ಟ ರಾಜ್ಯದವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಭೂಮಿ, ಭಾಷೆ ಎರಡೂ ಕೈಜಾರುವ ಭಯ ಸುಳ್ಳಲ್ಲ. ಪರೀಕ್ಷೆಗೆ ಎರಡೂ ಪಕ್ಷ ಬರೆಯಿರಿ.

ನಮ್ಮ ಗುಂಪಿನ ಅಣ್ಣ ಒಬ್ಬರು ಬಾಡಿಗೆ ಚೀಟಿ, ಗ್ಯಾಸ್ ಪುಸ್ತಕ, ಮಗಳ ಶಾಲೆಯ ದಾಖಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹೊತ್ತು ಒಂದು ಕಚೇರಿಗೆ ಮೂರು ಸಲ ಅಲೆದರು. ಮೊದಲ ಮನೆಯ ಮಾಲೀಕರು ಚೀಟಿ ಕೊಟ್ಟಿರಲಿಲ್ಲವಾದ್ದರಿಂದ ಎರಡು ವರ್ಷ ಲೆಕ್ಕಕ್ಕೇ ಸಿಗಲಿಲ್ಲ. ಈ ಟಿಪ್ಪಣಿಯನ್ನು ಅವರಿಗೆ ಓದಿ ಹೇಳಿದಾಗ ಕೇಳಿದ್ದು ಒಂದೇ ಮಾತು: “ತಮ್ಮಾ, ಆ ಕರ್ನೈಲ್ ಸಿಂಗ್ ಗೋವಾದಲ್ಲಿ ಎಷ್ಟು ದಿನ ಇದ್ದರಂತೆ?”