ಲಂಡನ್ನಿಗೆ ಎಷ್ಟು ಹೊತ್ತು?

ಮಗಳ ಬಾಣಂತನಕ್ಕೆ ಲಂಡನ್ನಿಗೆ ಹೊರಟಿದ್ದ ಎದುರು ಮನೆ ಅಕ್ಕ ಟಿಕೆಟ್ ಹಿಡಿದು ಬಂದರು. "ಬೆಳಗ್ಗೆ 7ಕ್ಕೆ ಹತ್ತಿ ಮಧ್ಯಾಹ್ನ 1ಕ್ಕೆ ಇಳೀತೀನಂತೆ. ಆರೇ ಗಂಟೆನಾ?"

ಅಲ್ಲ. ಇಳಿಯುವ ಹೊತ್ತನ್ನು ಟಿಕೆಟ್ಟಿನಲ್ಲಿ ಇಳಿಯುವ ಊರಿನ ಗಡಿಯಾರದ ಪ್ರಕಾರ ಹಾಕಿರುತ್ತಾರೆ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಅಕ್ಕ ಹೊರಟಿದ್ದು ಜೂನ್‌ನಲ್ಲಿ. ಹಾಗಾಗಿ ಹತ್ತೂವರೆ ಗಂಟೆ.

ನಮ್ಮ ಕಡೆಯಿಂದ ಲಂಡನ್ನಿಗೆ ಎಷ್ಟು ಹೊತ್ತು ಅನ್ನುವ ಲೆಕ್ಕ ಹಳೆಯದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಮಡಿದ. ಅಷ್ಟು ದೊಡ್ಡ ಸುದ್ದಿ ಲಂಡನ್ ಮುಟ್ಟಿದ್ದು ಸೆಪ್ಟೆಂಬರ್‌ನಲ್ಲಿ. ಆಗ ಹಡಗುಗಳು ಆಫ್ರಿಕಾವನ್ನೇ ಸುತ್ತಿ ಹೋಗಬೇಕಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಮುಂಬೈ–ಲಂಡನ್ ದಾರಿ ಸುಮಾರು 20,000 ಕಿ.ಮೀ.ಯಿಂದ 11,500ಕ್ಕೆ ಇಳಿಯಿತು.

1929ರಲ್ಲಿ ಲಂಡನ್ನಿಂದ ಕರಾಚಿಗೆ ವಿಮಾನ ಶುರುವಾಯಿತು. ಏಳು ದಿನದ ಪ್ರಯಾಣ. ಅದರಲ್ಲೂ ಮಧ್ಯೆ ಇಳಿದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಇಟಲಿಯ ಜಿನೋವಾಕ್ಕೆ ರೈಲು ಹಿಡಿಯಬೇಕಿತ್ತು. ಫ್ರಾನ್ಸ್ ಕಡೆಯಿಂದ ಬರುವ ವಿಮಾನಗಳನ್ನು ಇಟಲಿ ಒಳಗೆ ಬಿಡುತ್ತಿರಲಿಲ್ಲ. 1932ರಲ್ಲಿ ಟಾಟಾದವರು ಕರಾಚಿಯಿಂದ ಆಚೆಗೆ ಅಂಚೆ ವಿಮಾನ ಹಾರಿಸಿದರು. ಅದು ಮುಂಬೈ ಮುಟ್ಟಿ, ನಮ್ಮ ಬಳ್ಳಾರಿಯಲ್ಲಿ ಇಳಿದು, ಮದ್ರಾಸಿಗೆ ಹೋಗುತ್ತಿತ್ತು.

1948ರ ಜೂನ್ 8ರಂದು ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಮುಂಬೈಯಿಂದ ಕೈರೋ, ಜಿನೀವಾ ಮೇಲೆ ಲಂಡನ್ನಿಗೆ ಹೋಯಿತು. 1960ಕ್ಕೆ ಜೆಟ್ ಬಂತು. ಬೆಂಗಳೂರಿಂದ ನೇರ ವಿಮಾನಕ್ಕೆ ಮಾತ್ರ 2005ರವರೆಗೆ ಕಾಯಬೇಕಾಯಿತು.

ಬೆಂಗಳೂರು–ಲಂಡನ್ ನಡುವೆ ಸುಮಾರು 8,000 ಕಿ.ಮೀ. ಭೂಗೋಳದ ಮೇಲೆ ದಾರ ಬಿಗಿಯಾಗಿ ಹಿಡಿದರೆ ಸಿಗುವ ದೂರ ಅದು. ಆದರೆ ವಿಮಾನ ಆ ದಾರದ ಗುಂಟ ಹೋಗಲು ಕೆಳಗಿನ ದೇಶಗಳು ಬಿಡಬೇಕಲ್ವಾ? 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶದ ದಾರಿ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ಆಗೆಲ್ಲ ಅರಬ್ಬಿ ಸಮುದ್ರದ ಮೇಲೆ ಬಳಸಿ ಹೋಗಬೇಕು. ಗಾಳಿಯದ್ದೂ ಒಂದು ಪಾಲಿದೆ. ಅಷ್ಟು ಎತ್ತರದಲ್ಲಿ ಅದು ಬೀಸುವುದು ಜಾಸ್ತಿ ಪಶ್ಚಿಮದಿಂದ ಪೂರ್ವಕ್ಕೆ. ಹಾಗಾಗಿ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ. ವಾಪಸ್ ಬರುವ ವಿಮಾನ ಬೇಗ ಮುಟ್ಟುವುದು ಇದಕ್ಕೇ.

ಇಷ್ಟೆಲ್ಲ ಹೇಳಿದರೂ ಮೈಸೂರಿನವರ ಲೆಕ್ಕ ಮುಗಿಯಲ್ಲ. ನಮ್ಮೂರ ಮಂಡಕಳ್ಳಿ ಏರ್‌ಪೋರ್ಟಿನ ರನ್‌ವೇ 1,740 ಮೀಟರ್. ಲಂಡನ್ನಿಗೆ ಹಾರುವಂಥ ದೊಡ್ಡ ವಿಮಾನಕ್ಕೆ ಅದು ಸಾಲದು. ಬೆಂಗಳೂರಿನ ದೇವನಹಳ್ಳಿ ಏರ್‌ಪೋರ್ಟಿನ ರನ್‌ವೇ 4,000 ಮೀಟರ್. ಅಲ್ಲಿಗೆ ನಮ್ಮೂರಿಂದ ಸುಮಾರು 180 ಕಿ.ಮೀ. ಹೊಸ ಹೆದ್ದಾರಿ ಮಂಡ್ಯದ ಟ್ರಾಫಿಕ್ಕನ್ನು ತಪ್ಪಿಸಿತು, ಬೆಂಗಳೂರಿನದನ್ನಲ್ಲ. ಏರ್‌ಪೋರ್ಟಿಗೆ ಹೋಗುವ ಫ್ಲೈಬಸ್ಸಿಗೆ ನಾಲ್ಕು ಗಂಟೆ ಇಟ್ಟುಕೊಳ್ಳಲೇಬೇಕು. ಏರ್‌ಪೋರ್ಟಿನಲ್ಲಿ ಮೂರು ಗಂಟೆ ಮೊದಲೇ ಇರಬೇಕು. ಒಬ್ಬರೇ ಹೊರಡುವ ವಯಸ್ಸಾದವರಿಗೆ ಟಿಕೆಟ್ ಮಾಡಿಸಿ ಕೊಡುವ ಮಕ್ಕಳು ಈ ಲೆಕ್ಕವನ್ನೂ ಬಿಡಿಸಿ ಹೇಳಬೇಕು. ಮಾತ್ರೆ, ಊಟ, ನಿದ್ದೆ ಎಲ್ಲಾ ಇದರ ಮೇಲೇ ನಿಂತಿರುತ್ತೆ.

ಅಕ್ಕನಿಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ರಾತ್ರಿ 11ಕ್ಕೆ ಮೈಸೂರು ಬಿಡೋದು, ಹದಿನೆಂಟೂವರೆ ಗಂಟೆ ಆದ ಮೇಲೆ ಲಂಡನ್. ಶುಗರ್ ಮಾತ್ರೆ ಎಷ್ಟು ಹೊತ್ತಿಗೆ ಅಂತ ಅದರ ಕೆಳಗೆ ಅವರೇ ಗುರುತು ಹಾಕಿಕೊಂಡು, ಪಾಸ್‌ಪೋರ್ಟಿನೊಳಗೆ ಮಡಚಿ ಇಟ್ಟರು.