ರಿಸಲ್ಟ್ ಉಲ್ಟಾ ಬಂದ್ರ ಲ್ಯಾಬ್ ರಿಪೋರ್ಟಿಗೆ ಮಾರ್ಕ್ಸ್ ಕಟ್ ಮಾಡಬೇಕೇನ್ರಿ?

ಪ್ರಶ್ನೆ: ಸರ್ ನಮಸ್ಕಾರ, ಹಾವೇರಿ ಜಿಲ್ಲಾದಾಗ ಪಿಯು ಕಾಲೇಜಿನ್ಯಾಗ ಬಯಾಲಜಿ ಕಲಸ್ತೀನಿ. ಸೆಕೆಂಡ್ ಪಿಯು ಹುಡುಗ್ರಿಗೆ ಮಣ್ಣಿನ ಪ್ರಾಕ್ಟಿಕಲ್ ಮಾಡ್ಸಿದ್ದೆ. ಒಬ್ಬಾಕಿ ಎರಿ (ಕಪ್ಪು) ಮಣ್ಣಿಗಿಂತ ಮಸಾರಿ (ಕೆಂಪು) ಮಣ್ಣ ಜಾಸ್ತಿ ನೀರ ಹಿಡಿತೈತಿ ಅಂತ ಬರದಾಳ, ಇನ್ನೊಬ್ಬಂವ ಪುಸ್ತಕದಾಗ ಇದ್ದಂಗ ಕರೆಕ್ಟ್ ಬರದಾನ. ಆಕಿದು ಮಾರ್ಕ್ಸ್ ಕಟ್ ಮಾಡ್ಲ್ಯೊ ಬ್ಯಾಡೊ?

ಉತ್ತರ: ಮೇಡಂ, ರಿಸಲ್ಟ್ ಒಂದ ನೋಡಿ ಕಟ್ ಮಾಡಬ್ಯಾಡ್ರಿ. ಆಕಿ ಬರದ ರೀಡಿಂಗಿಂದ ಆಕಿ ಬರದ ಕನ್‌ಕ್ಲೂಷನ್ ಬರತೈತೊ ಇಲ್ಲೊ, ಅಷ್ಟ ನೋಡ್ರಿ. ಎರಿ ಮಣ್ಣ ಜಾಸ್ತಿ ನೀರ ಹಿಡಿತೈತಿ ಅನ್ನೋದು ನಮ್ಮ ಕಡೆ ರೈತರ ಮನಿ ಸಣ್ಣ ಹುಡುಗ್ರಿಗೂ ಗೊತ್ತು, ಅದನ್ನ ಬರಿಯಾಕ ಲ್ಯಾಬ್‌ಗೆ ಬರೋ ಜರೂರತ್ತ ಇಲ್ಲ.

ಒಂದು ಲೆಕ್ಕ ಹಿಡೀರಿ, ಎರಡೂ ಮಣ್ಣ 50 ಗ್ರಾಂ ತಗೊಂಡಾಳ, ನೀರ ಕುಡಿಸಿ ಬಸದ ಮ್ಯಾಲೆ ಮಸಾರಿ 67 ಗ್ರಾಂ ಆತು, ಎರಿ 64 ಆತು ಅನ್ರಿ. ಅಂದ್ರ ಮಸಾರಿ 34 ಪರ್ಸೆಂಟ್, ಎರಿ 28 ಪರ್ಸೆಂಟ್. ಲೆಕ್ಕ ಸರಿ ಐತಿ, ಮಸಾರಿ ಜಾಸ್ತಿ ಅಂತ ಬರದದ್ದೂ ಆ ರೀಡಿಂಗಿಗೆ ಸರಿ ಐತಿ. ಹಂಗಾರ ತಪ್ಪ ಎಲ್ಲಿ ಆತು? ಎರಿ ಮಣ್ಣಿನಾಗ ಜಿಗಿ ಭಾಳ, ನೀರ ತಾಗಿದ ಕೂಡ್ಲೆ ಉಬ್ಬತೈತಿ, ಸಂದಿ ಮುಚ್ಚಿ ನೀರ ಮೆಲ್ಲಕ ಒಳಗ ಇಳಿತೈತಿ. ಮಸಾರಿ ಹತ್ತ ನಿಮಿಷದಾಗ ತುಂಬಿ ನಿಂತ್ರ ಎರಿ ಇನ್ನೂ ಒಳಗ ಒಣಗೇ ಇರತೈತಿ. ಅದರಾಗ ಹೆಂಟಿ ಒಡೀಲಾರ್ದ, ಜರಡಿ ಹಿಡೀಲಾರ್ದ ಹಂಗ ಹಾಕಿದ್ರಂತೂ ಮುಗೀತು. ಇನ್ನೊಂದು, ಹೊಲದಿಂದ ತಂದ ಎರಿ ಮಣ್ಣ ಪೂರ್ತಿ ಒಣಗಿರೂದಿಲ್ಲ, ಆ 50 ಗ್ರಾಂದಾಗ ಮೊದ್ಲ ನಾಕೈದು ಗ್ರಾಂ ನೀರ ಇದ್ರ ಅದನ್ನೂ ಮಣ್ಣಿನ ತೂಕ ಅಂತ ಹಿಡದು ಲೆಕ್ಕ ಹಾಕ್ತೀವಿ, ಪರ್ಸೆಂಟ್ ತಾನ ಕಡಿಮಿ ಬರತೈತಿ.

ಆ ಹುಡುಗಿ ಇದರಾಗ ಒಂದರೆ ಬರದಾಳೇನು ನೋಡ್ರಿ. "ಎರಿ ಜಾಸ್ತಿ ಬರಬೇಕಿತ್ತು, ಬಂದಿಲ್ಲ, ಹೆಂಟಿ ಒಡದಿರಲಿಲ್ಲ" ಅಂತ ಒಂದ ಸಾಲ ಇದ್ರೂ ಕನ್‌ಕ್ಲೂಷನ್ ಮಾರ್ಕ್ಸ್ ಪೂರ್ತಿ ಕೊಡ್ರಿ. ಏನೂ ಅನುಮಾನ ಪಡದ ಹಂಗ ಬರದು ಬಿಟ್ಟಿದ್ರ ಒಂದ ಮಾರ್ಕ್ ತಗೀರಿ, ಬಾಜೂಕ "ಯಾಕ ಹಿಂಗ ಬಂತು?" ಅಂತ ಬರದು ವಾಪಸ್ ಕೊಡ್ರಿ.

ಇನ್ನ ಆ ಕರೆಕ್ಟ್ ಬರದಂವ. ಅವಂದು ರೀಡಿಂಗ್ ಎಲ್ಲಿ ಅದಾವು? ಬರೇ ಎರಿ 60 ಪರ್ಸೆಂಟ್, ಮಸಾರಿ 30 ಪರ್ಸೆಂಟ್ ಅಂತ ಐತೊ, ಹಸಿ ತೂಕ ಒಣ ತೂಕ ಬರದಾನೊ? ನಿಮ್ಮ ಲ್ಯಾಬಿನ ತಕ್ಕಡಿ ಪೂರ್ತಿ ಗ್ರಾಂ ಅಷ್ಟ ತೋರಸ್ತಿದ್ರ, ರಿಪೋರ್ಟಿನಾಗ 63.47 ಗ್ರಾಂ ಅಂತ ಇದ್ರ ಆ .47 ಎಲ್ಲಿಂದ ಬಂತು ಅಂತ ಕೇಳ್ರಿ. ಬ್ಯಾರೆ ಬ್ಯಾರೆ ಗ್ರೂಪಿನ ನಾಕ ಹುಡುಗ್ರದು ಪಾಯಿಂಟ್ ಸಮೇತ ಒಂದ ರೀಡಿಂಗ್ ಇದ್ರ ಅದು ಲ್ಯಾಬಿನಾಗ ಹುಟ್ಟಿದ್ದಲ್ಲ, ಹಾಸ್ಟೆಲ್‌ನಾಗ ಹುಟ್ಟಿದ್ದು. ಇದಕ್ಕ ಸಲೀಸ ಮದ್ದು ಅಂದ್ರ, ಪ್ರಾಕ್ಟಿಕಲ್ ಮುಗಿಯೋದ್ರಾಗ ರಫ್ ಪುಸ್ತಕದ ರೀಡಿಂಗ್ ಪೇಜಿಗೆ ತಾರೀಖ ಹಾಕಿ ಸೈನ್ ಮಾಡೂದು, ರೆಕಾರ್ಡ್ ಬಂದಾಗ ಎರಡೂ ಬಾಜೂಕ ಇಟ್ಟು ನೋಡೂದು. ಎಲ್ಲಾ ಗ್ರೂಪಿನ ನಂಬರ್ ಬೋರ್ಡ್ ಮ್ಯಾಲೆ ಬರಸಿದ್ರಂತೂ ಇನ್ನೂ ಚೊಲೊ, ಒಬ್ಬರದು ಉಲ್ಟಾ ಯಾಕ ಬಂತು ಅಂತ ಹುಡುಗ್ರ ಜಗಳಾಡಿ ಕಂಡ ಹಿಡಿತಾರ.

ಇದು ಮಣ್ಣಿಗಷ್ಟ ಅಲ್ಲ. ಉಗುಳಿನ ಅಮೈಲೇಸ್ (ಪಿಷ್ಟ ಒಡಿಯೋ ಎಂಜೈಮ್) ಪ್ರಾಕ್ಟಿಕಲ್‌ನಾಗ ಎಲ್ಲಾರೂ "ರೂಮ್ ಟೆಂಪರೇಚರ್" ಅಂತ ಬರದು ಕೈ ತೊಳಕೋತಾರ. ಧಾರವಾಡದಾಗ ಮಳಿಗಾಲದಾಗ ಅದು 24 ಡಿಗ್ರಿ ಸುತ್ತ ಇದ್ರ ಗದಗಿನಾಗ ಏಪ್ರಿಲ್ ಮಧ್ಯಾಹ್ನ 37 ದಾಟತೈತಿ, ಆಗ ವಾಟರ್ ಬಾತಿನ 37 ಡಿಗ್ರಿ ಟ್ಯೂಬಿಗೂ ಹೊರಗಿನ ಟ್ಯೂಬಿಗೂ ಫರಕ ಏನ್ ಬರತೈತಿ ಹೇಳ್ರಿ, ಎರಡರಾಗೂ ಪಿಷ್ಟ ಇದ್ರ ಬರೋ ಅಯೋಡಿನ್ ನೀಲಿ ಹೆಚ್ಚು ಕಮ್ಮಿ ಒಟ್ಟಿಗೆ ಹೋಗತೈತಿ. ಥರ್ಮಾಮೀಟರ್ ನೋಡಿ ನಂಬರ್ ಬರದಾಕಿಗೆ ಆ ಒಂದ ನಂಬರಿಗೇ ಮಾರ್ಕ್ಸ್ ಕೊಡ್ರಿ. ಉಳ್ಳಾಗಡ್ಡಿ ಬೇರಿನ ಸ್ಲೈಡೂ ಹಂಗ, ಅಲ್ಲಿ ಬಹುತೇಕ ಸೆಲ್ ಇಂಟರ್‌ಫೇಸ್‌ನಾಗ (ಇನ್ನೂ ಒಡಿಯಾಕ ಶುರು ಆಗದ ಹಂತ) ಇರ್ತಾವು, ಆದ್ರ ರೆಕಾರ್ಡಿನಾಗ ಸೆಲ್ ಒಡಿಯೋ ಹಂತ ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೊಫೇಸ್ ನಾಕೂ ಸಾಲ ಹಿಡದು ನಿಂತಿರ್ತಾವು. ಚಿತ್ರ ಚಂದ ಇದ್ದದ್ದಕ್ಕ ಮಾರ್ಕ್ಸ್ ಕೊಡೋ ರೂಢಿ ನಮ್ಮಲ್ಲಿ ಭಾಳ ಐತಿ, ನನಗಂತೂ ಅದು ಸೇರೂದಿಲ್ಲ, ಬಯಾಲಜಿ ರೆಕಾರ್ಡ್ ಏನು ಡ್ರಾಯಿಂಗ್ ಪರೀಕ್ಷೆ ಅಲ್ಲಲ್ಲ.

ಬೋರ್ಡ್ ಪ್ರಾಕ್ಟಿಕಲ್‌ನ 30 ಮಾರ್ಕ್ಸಿಗೆ ಅವರದ ಸ್ಕೀಮ್ ಇರತೈತಿ, ಅಲ್ಲಿ ನಮ್ಮದೇನೂ ನಡಿಯೂದಿಲ್ಲ. ಆದ್ರ ಕ್ಲಾಸಿನ ರಿಪೋರ್ಟ್ ನಿಮ್ಮ ಕೈಯಾಗ ಐತಿ. ನಾನಾದ್ರ 10ಕ್ಕ ಮಾಡಿದ ರೀತಿಗೆ 2, ರೀಡಿಂಗಿಗೆ 3, ಲೆಕ್ಕಕ್ಕ 2, ಕನ್‌ಕ್ಲೂಷನ್ನಿಗೆ 3 ಇಡ್ತೀನಿ, ಇದನ್ನ ಪ್ರಾಕ್ಟಿಕಲ್‌ಗಿಂತ ಮೊದ್ಲ ಹುಡುಗ್ರಿಗೆ ಹೇಳಿರ್ತೀನಿ. ತಿದ್ದೂವಾಗ ಒಬ್ಬರದು ಪೂರ್ತಿ ಮುಗಿಸಿ ಇನ್ನೊಬ್ಬರದು ಹಿಡಿಯೂದಕ್ಕಿಂತ ಎಲ್ಲಾರದೂ ಕನ್‌ಕ್ಲೂಷನ್ ಒಮ್ಮೆಲೆ ತಿದ್ದ್ರಿ, ಇಲ್ಲಂದ್ರ ಮೊದ್ಲಿನ ರಿಪೋರ್ಟಿಗೆ ಬಿಗಿ ಹಿಡದು ದಣಿದ ಮ್ಯಾಲಿನವಕ್ಕ ಕೈ ಸಡಲ ಬಿಡ್ತೀವಿ.

ನಿಮ್ಮ ಹುಡುಗಿ ಮಾಡಿದ ರೀತಿ ಬರದು, ರೀಡಿಂಗ್ ಎಲ್ಲಾ ಕೊಟ್ಟು, ಕಾರಣ ಬರದಿಲ್ಲಂದ್ರ 9. ಆ ಹುಡುಗ ರೀಡಿಂಗ್ ಕೊಟ್ಟಿಲ್ಲಂದ್ರ ರೀಡಿಂಗಿನ 3 ಹೋತು, ಲೆಕ್ಕ ಯಾತರ ಮ್ಯಾಲೆ ಮಾಡಿದ ಅಂತ ಗೊತ್ತಿಲ್ಲ ಅಂದ ಮ್ಯಾಲೆ ಅದೂ ಹೋತು. ಅವನ್ನ ಕರದು ತೂಕ ಹೆಂಗ ಮಾಡಿದಿ ಅಂತ ಎರಡ ಮಾತ ಕೇಳ್ರಿ, ರಫ್ ಪುಸ್ತಕ ತಂದು ತೋರಿಸಿದ್ರ ಪೂರ್ತಿ ವಾಪಸ್ ಹಾಕ್ರಿ.