ಸಂಚಾರ

‘ಸೈಕಲ್ ಪಥದಿಂದ ಸಂಚಾರಕ್ಕೆ ಅಡ್ಡಿ.’ ಇಂಥ ತಲೆಬರಹ ಮತ್ತೊಮ್ಮೆ ಕಣ್ಣಿಗೆ ಬಿತ್ತು. ಸೈಕಲ್ ತುಳಿದುಕೊಂಡು ಹೋಗುವುದು ಸಂಚಾರವಲ್ಲವಾದರೆ ಮತ್ತೇನು?

ಸಂಸ್ಕೃತದ ‘ಚರ್’ ಧಾತುವಿಗೆ ನಡೆ, ತಿರುಗಾಡು, ಓಡಾಡು ಎಂದು ಅರ್ಥ. ದನ ಮೇಯುತ್ತ ಅಲೆಯುವುದಕ್ಕೂ ಅದೇ ಧಾತು. ‘ಗೋಚರ’ ಎಂದರೆ ಮೂಲದಲ್ಲಿ ಹಸುಗಳು ಮೇಯುವ ಜಾಗ. ಈ ‘ಚರ್’ಗೆ ‘ಸಂ’ ಸೇರಿ ಸಂಚಾರವಾಯಿತು. ಸ್ವಾಮಿಗಳದು ಲೋಕಸಂಚಾರ, ಪಂಚಾಂಗದಲ್ಲಿ ಗ್ರಹಸಂಚಾರ, ಕಛೇರಿಯಲ್ಲಿ ರಾಗದ ಸಂಚಾರ. ನೆಲೆನಿಂತ ಸ್ಥಾಯಿ ಭಾವವನ್ನು ಆಶ್ರಯಿಸಿ ಬಂದು ಹೋಗುವ ಭಾವಕ್ಕೆ ಕಾವ್ಯಮೀಮಾಂಸೆ ಸಂಚಾರಿ ಎಂದೇ ಹೆಸರಿಟ್ಟಿದೆ. ಇವುಗಳಲ್ಲಿ ಎಲ್ಲಿಯೂ ಮೋಟಾರಿನ ಸುಳಿವಿಲ್ಲ. ‘ಪಾದಚಾರಿ’ಯ ಒಳಗೇ ಚರ್ ಇದೆ. ಹಾಗಿದ್ದೂ ಪಾದಚಾರಿಯನ್ನು ಸಂಚಾರದ ಲೆಕ್ಕದಿಂದ ಹೊರಗಿಡುತ್ತೇವೆ. ಟ್ರಾಫಿಕ್ ಎಂಬುದಕ್ಕೆ ಈ ಪದವನ್ನು ಒಗ್ಗಿಸಿಕೊಂಡ ಮೇಲೆ ಕಾರು, ಬೈಕುಗಳೇ ಅರ್ಥವನ್ನೆಲ್ಲ ಆಕ್ರಮಿಸಿಕೊಂಡವು.

ಇದು ಬರೀ ವ್ಯಾಕರಣದ ತಕರಾರಲ್ಲ. ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ತಿರುಳೇ ಈ ಪದದ ಹಳೆಯ ಅರ್ಥ: ರಸ್ತೆ ಹಂಚಿಕೆಯಲ್ಲಿ ಗಮನ ಇರಬೇಕಾದದ್ದು ಜನರ ಮೇಲೆ, ವಾಹನಗಳ ಮೇಲಲ್ಲ. ಸೈಕಲ್ಲಿಗೂ ನಡೆಯುವವರಿಗೂ ಪ್ರತ್ಯೇಕ ದಾರಿ ಬೇಕೆಂದು ಅದು ಹೇಳುತ್ತದೆ. ಅಷ್ಟೇ ಅಲ್ಲ, ಸೈಕಲ್ ದಾರಿಯುದ್ದಕ್ಕೂ ಮರದ ನೆರಳು, ಕುಡಿಯುವ ನೀರು, ದಣಿವಾರಿಸಿಕೊಳ್ಳಲು ತಾಣ ಇರಬೇಕೆನ್ನುತ್ತದೆ. ಬಿಸಿಲಿನಲ್ಲಿ ಪೆಡಲ್ ತುಳಿಯುವವರ ಬೆವರನ್ನು ನೆನೆದು ಬರೆದ ಮಾತು ಅದು. ನನಗೆ ಆ ನೀತಿಯಲ್ಲಿ ಬಹಳ ಹಿಡಿಸಿದ್ದೂ ಅದೇ. 2006-07ರಲ್ಲಿಯೇ ಕರ್ನಾಟಕ ಸರ್ಕಾರ ಶಾಲಾ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಆ ಸೈಕಲ್ ಏರಿ ಎಂಟನೇ ತರಗತಿಗೆ ಹೊರಟ ಹುಡುಗಿಯದೂ ಸಂಚಾರವೇ.

‘ಬೆಳಿಗ್ಗೆ ಆರಕ್ಕೆ ಹೊರಡಿ, ಸಂಚಾರವೇ ಇರುವುದಿಲ್ಲ’ ಎಂಬ ಸಲಹೆಯನ್ನೂ ಆಗಾಗ ಓದುತ್ತೇನೆ. ಆರು ಗಂಟೆಗೆ ನಮ್ಮ ಬೀದಿಯಲ್ಲಿ ನಿಂತು ನೋಡಬೇಕು. ಹ್ಯಾಂಡಲ್ಲಿನ ಎರಡೂ ಕಡೆ ಪೇಪರಿನ ಚೀಲ ತೂಗುಹಾಕಿಕೊಂಡ ಹುಡುಗ ಒಂಟಿ ಕಾಲೂರಿ ಗೇಟಿನೊಳಗೆ ಪತ್ರಿಕೆ ಎಸೆಯುತ್ತಾನೆ. ಕ್ಯಾರಿಯರ್ ಮೇಲೆ ಹೂವಿನ ಬುಟ್ಟಿ ಕಟ್ಟಿಕೊಂಡವರು ಹಾದು ಹೋಗುತ್ತಾರೆ. ರಾತ್ರಿ ಪಾಳಿ ಮುಗಿಸಿದ ಕಾವಲುಗಾರ ಊಟದ ಡಬ್ಬಿ ಸಿಕ್ಕಿಸಿಕೊಂಡು ಮನೆಗೆ ತುಳಿಯುತ್ತಾನೆ. ಆ ಹೊತ್ತಿಗೆ ಇಲ್ಲದಿರುವುದು ವಾಹನ ದಟ್ಟಣೆ. ಅದನ್ನು ಹೇಳುವುದಾದರೆ ‘ವಾಹನ ದಟ್ಟಣೆ’ ಎಂದೇ ಬರೆಯಿರಿ.